ಕೇಳಿದ್ದು ಅವಳನ್ನ

ನಮ್ಮ ಮನೆಯಲ್ಲಿ ಮೂರು ಕೋಣೆಗಳಿದ್ದವು. ಅವುಗಳಲ್ಲಿ ದೊಡ್ಡದು ರೇಷ್ಮೆಹುಳುಗಳದ್ದು. ದೊಡ್ಡಬೆಳವಂಗಲದಿಂದ ಎರಡು ಮೈಲಿ ಒಳಗಿದ್ದ ನಮ್ಮೂರಿನಲ್ಲಿ ಆಗ ಮುಕ್ಕಾಲುಪಾಲು ಮನೆಗಳದ್ದೂ ಇದೇ ಕಥೆ. ಗಾಳಿ, ಬೆಳಕು ಚೆನ್ನಾಗಿ ಬರುವ ಕೋಣೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು, ಅಪ್ಪ, ಅವ್ವ, ನಾನು, ನನ್ನ ತಂಗಿ ಮಂಜುಳ ನಾಲ್ವರೂ ಮಿಕ್ಕ ಎರಡರಲ್ಲಿ ಒತ್ತಿಕೊಂಡು ಬದುಕುತ್ತಿದ್ದೆವು. ಹುಳುವಿನ ಕೋಣೆಗೆ ಹೋಗುವವರು ಕಾಲು ತೊಳೆದು, ಹೊಸ್ತಿಲ ಮೇಲೆ ಚೆಲ್ಲಿದ ಸುಣ್ಣದ ಪುಡಿಯನ್ನು ತುಳಿದೇ ಒಳಗೆ ಹೋಗಬೇಕಿತ್ತು. ಅಪ್ಪ ಬೀಡಿಯನ್ನು ಬೀದಿಬಾಗಿಲಲ್ಲೇ ಆರಿಸಿ, ಬಾಯಿ ಮುಕ್ಕಳಿಸಿ ಬರುತ್ತಿದ್ದ. ಒಗ್ಗರಣೆಯ ಘಾಟು ಆ ಕಡೆ ಹೋಗದಿರಲೆಂದು ಅವ್ವ ಅಡುಗೆಮನೆಯ ಬಾಗಿಲು ಎಳೆದುಕೊಂಡು ತಾನೊಬ್ಬಳೇ ಒಳಗೆ ಕೆಮ್ಮುತ್ತಿದ್ದಳು. ಬಿದಿರಿನ ಸ್ಟ್ಯಾಂಡಿನ ಕಾಲುಗಳನ್ನು ಇರುವೆ ಹತ್ತದಂತೆ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ, ಮೇಲೆ ಅಂತಸ್ತು ಅಂತಸ್ತಾಗಿ ದುಂಡನೆಯ ತಟ್ಟೆಗಳನ್ನು ಜೋಡಿಸಿದ್ದೆವು. ಜೋರಾಗಿ ಬಾಗಿಲು ಬಡಿಯುವಂತಿರಲಿಲ್ಲ, ಹಸಿ ಕೈಯಲ್ಲಿ ಸೊಪ್ಪು ಮುಟ್ಟುವಂತಿರಲಿಲ್ಲ. ಹುಳುಗಳ ವಿಷಯದಲ್ಲಿ ನಮ್ಮ ಮನೆಯವರೆಲ್ಲ ಇಷ್ಟು ನಾಜೂಕು. ಮಕ್ಕಳ ವಿಷಯದಲ್ಲಿ ಆ ನಾಜೂಕು ಇದ್ದದ್ದು ಅವ್ವನೊಬ್ಬಳಿಗೆ.

ಮಂಜಿ ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಅವಳಿಗೆ ಮಾತು ಬರುತ್ತಿರಲಿಲ್ಲ ಎಂದಲ್ಲ, ತೊದಲುತ್ತಲೂ ಇರಲಿಲ್ಲ. ಏನಾದರೂ ಕೇಳಿದರೆ ಉತ್ತರ ಹೊರಡಲು ಹೊತ್ತಾಗುತ್ತಿತ್ತು, ಅಷ್ಟೆ. ಯಾರಾದರೂ ಹೆಸರು ಕೇಳಿದರೆ ಅವಳು ಅವರ ಮುಖ ನೋಡುತ್ತಾಳೆ, ನೆಲ ನೋಡುತ್ತಾಳೆ, ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ, ಆಮೇಲೆ ಹೇಳುತ್ತಾಳೆ. ಅಷ್ಟು ಹೊತ್ತು ಕಾಯುವವರು ಯಾರು? ಬಂದ ನೆಂಟರು ಅವಳನ್ನು ಮಾತನಾಡಿಸಿ, ಉತ್ತರ ಬರುವಷ್ಟರಲ್ಲಿ ಅಪ್ಪನ ಕಡೆ ತಿರುಗಿರುತ್ತಿದ್ದರು. ಹಾಗಾಗಿ ನಾನೇ ಹೇಳಿಬಿಡುತ್ತಿದ್ದೆ. ಅವಳ ಹೆಸರು ಮಂಜುಳ, ಅವಳು ಮೂರನೇ ಕ್ಲಾಸು, ಅವಳಿಗೆ ಹಸಿವಿಲ್ಲ, ಅವಳಿಗೆ ಖಾರ ಆಗೋದಿಲ್ಲ, ಅವಳಿಗೆ ಈ ಬಣ್ಣದ ರಿಬ್ಬನ್ ಬೇಡ. ಇದನ್ನೆಲ್ಲ ನಾನು ಪ್ರೀತಿಯಿಂದಲೇ ಶುರುಮಾಡಿದೆ ಎಂದುಕೊಂಡಿದ್ದೇನೆ. ಆದರೆ ಖಾರವಾಗುವುದಿಲ್ಲ ಎಂದು ನಾನು ಹೇಳಿದ ಮೇಲೆ ಅವಳ ಪಾಲಿನ ಬೋಂಡ ನನ್ನ ತಟ್ಟೆಗೆ ಬರುತ್ತಿತ್ತು, ಬೇಡ ಎಂದ ಮೇಲೆ ಕೆಂಪು ರಿಬ್ಬನ್ ನನ್ನ ಜಡೆಗೆ ಏರುತ್ತಿತ್ತು ಎಂಬುದೂ ನೆನಪಿದೆ. ಊರಲ್ಲಿ ನನಗೆ 'ಪದ್ದಿ ಬಲು ಚೂಟಿ' ಎಂಬ ಹೆಸರು. ಅವಳಿಗೆ 'ಪಾಪ, ಮಂಕು'. ಅಪ್ಪನಂತೂ ಎದುರಿಗೇ ಹೇಳುತ್ತಿದ್ದ.

"ನಿಮ್ಮಕ್ಕನ್ನ ನೋಡಿ ಕಲ್ತ್ಕೊಳ್ಳೇ. ಪಟಪಟಾಂತ ಹೆಂಗ್ ಮಾತಾಡ್ತಾಳೆ ನೋಡು."

ಆ ಮಾತು ಕೇಳಿದಾಗಲೆಲ್ಲ ನಾನು ಇನ್ನಷ್ಟು ಪಟಪಟ ಎನ್ನುತ್ತಿದ್ದೆ.

ಇದಕ್ಕೆ ಅಡ್ಡ ನಿಲ್ಲುತ್ತಿದ್ದವಳು ಅವ್ವ. ಊಟದ ಹೊತ್ತಿನಲ್ಲಿ ಅದು ಎದ್ದು ಕಾಣುತ್ತಿತ್ತು. ನಾವೆಲ್ಲ ಸಾಲಾಗಿ ಕೂತಿರುತ್ತೇವೆ, ತಟ್ಟೆಯಲ್ಲಿ ಬಿಸಿ ಮುದ್ದೆ, ಅವ್ವನ ಕೈಯಲ್ಲಿ ಸೊಪ್ಪಿನ ಸಾರಿನ ಸೌಟು. ಮಂಜಿಯ ಮುಂದೆ ಬಂದು, ಇನ್ನೊಂದು ಸೌಟು ಬೇಕಾ ಎಂದು ಕೇಳುತ್ತಾಳೆ. ಮಂಜಿ ಯೋಚನೆಗೆ ಬೀಳುತ್ತಾಳೆ. ನಾನು 'ಅವಳಿಗ್ ಸಾಕು' ಎನ್ನುತ್ತೇನೆ. ಅವ್ವ ನನ್ನ ಕಡೆ ತಿರುಗುವುದೂ ಇಲ್ಲ.

"ಪದ್ದಿ, ನೀನ್ ಸುಮ್ಕಿರು. ಕೇಳಿದ್ದು ಅವಳನ್ನ."

ಸೌಟು ಗಾಳಿಯಲ್ಲಿ ಹಾಗೇ ನಿಂತಿರುತ್ತದೆ. ಅಪ್ಪನಿಗೆ ರೇಗುತ್ತದೆ.

"ಏನೇ ಇದು, ಸಾರು ಬಡ್ಸಕ್ಕೆ ಮುಹೂರ್ತ ಇಡ್ಸ್ಬೇಕಾ? ಹಾಕಿ ಆಚೆ ಬಾ."

"ನೀವ್ ಉಣ್ರೀ. ಮುದ್ದೆ ಏನ್ ಓಡೋಗಲ್ಲ."

ಕೊನೆಗೆ ಮಂಜಿ ಹೇಳುತ್ತಾಳೆ, 'ಅರ್ಧ ಹಾಕವ್ವ'. ಅವ್ವ ಅರ್ಧ ಹಾಕಿ ಮುಂದಕ್ಕೆ ಹೋಗುತ್ತಾಳೆ. ಆ ಅರ್ಧ ಸೌಟಿಗಾಗಿ ದಿನವೂ ನಮ್ಮ ಊಟ ಆರಿಹೋಗುತ್ತಿತ್ತು.

ಅಂಗಡಿಯ ಪ್ರಸಂಗವೂ ಅಂಥದ್ದೇ. ಒಂದು ಮಧ್ಯಾಹ್ನ ಅವ್ವ ನನ್ನನ್ನು ಬಿಟ್ಟು ಮಂಜಿಯನ್ನು ಶೆಟ್ಟರ ಅಂಗಡಿಗೆ ತೊಗರಿಬೇಳೆ ತರಲು ಕಳಿಸಿದಳು. ಅವಳು ಕಡಲೆಬೇಳೆ ಕಟ್ಟಿಸಿಕೊಂಡು ಬಂದಳು. ಪೊಟ್ಟಣ ಬಿಚ್ಚಿದ ಕೂಡಲೇ ನಾನು ಬಿದ್ದು ಬಿದ್ದು ನಕ್ಕೆ. ಕೊಡವ್ವ, ನಾನು ಓಡಿಹೋಗಿ ಬದಲಾಯಿಸಿಕೊಂಡು ಬರುತ್ತೇನೆ ಎಂದು ಕೈಚಾಚಿದೆ. ಅವ್ವ ಪೊಟ್ಟಣವನ್ನು ಮತ್ತೆ ಮಡಿಚಿ ಮಂಜಿಯ ಕೈಗೇ ಇಟ್ಟಳು.

"ತಂದೋಳು ಅವಳು. ಅವಳೇ ಹೋಗ್ತಾಳೆ. ಹೋಗವ್ವ, ತೊಗರಿಬೇಳೆ ಬೇಕಾಗಿತ್ತು ಅಂತೇಳಿ ಬದಲಾಯ್ಸ್ಕೊಂಡ್ ಬಾ."

ಮಂಜಿಯ ಕಣ್ಣಲ್ಲಿ ನೀರಿತ್ತು. ಅವಳು ಬೀದಿಯ ತಿರುವಿನವರೆಗೆ ಹೋಗಿ ಎರಡು ಸಲ ತಿರುಗಿ ನೋಡಿದಳು. ಅವ್ವ ಬಾಗಿಲಲ್ಲೇ ನಿಂತಿದ್ದಳು, ಜೊತೆಗೆ ಹೋಗಲಿಲ್ಲ, ವಾಪಸ್ಸೂ ಕರೆಯಲಿಲ್ಲ. ಒಲೆಯ ಮೇಲಿನ ಎಸರು ಕುದಿದು ಕುದಿದು ಅರ್ಧವಾಯಿತು. ಅಷ್ಟು ಹೊತ್ತಾದ ಮೇಲೆ ಮಂಜಿ ಸರಿಯಾದ ಬೇಳೆ ತಂದಳು. ಅಂಗಡಿಯವರಿಗೆ ಏನು ಹೇಳಿದೆ ಎಂದು ಅವ್ವ ಕೇಳಿದಳು. ಮಂಜಿ ಎಂದಿನಂತೆ ಹೊತ್ತು ತೆಗೆದುಕೊಂಡು, 'ನಾನ್ ಕೇಳಿದ್ದು ತಪ್ಪಾಯ್ತು, ಬದಲಾಯ್ಸಿ ಅಂದೆ' ಎಂದಳು. ಅವ್ವ ಜಾಣೆ ಎನ್ನಲಿಲ್ಲ, ತಲೆ ಸವರಲಿಲ್ಲ. 'ಹಂಗಾದ್ರೆ ಬೇಳೆ ತೊಳಿ ಬಾ' ಎಂದು ಪಾತ್ರೆ ಮುಂದಿಟ್ಟಳು. ಅವ್ವ ಹೊಗಳುವವಳಲ್ಲ. ಒಂದು ಕೆಲಸ ಆದರೆ ಇನ್ನೊಂದು ಕೊಡುವವಳು. ಮಂಜಿ ಬೇಳೆ ತೊಳೆಯುತ್ತಾ ಕೂತಾಗ ಅವಳ ಮುಖ ನೋಡಿ, ಯಾಕೆಂದು ತಿಳಿಯದೆ, ನನಗೆ ಮುನಿಸು ಬಂದಿತ್ತು.

ಆ ವರ್ಷದ ಮಳೆಗಾಲದ ಬೆಳೆಗೆ ಅವ್ವ ಮಂಜಿಗೆ ಒಂದು ತಟ್ಟೆ ಹುಳು ಕೊಟ್ಟಳು. ಹುಳುಗಳು ಎರಡನೇ ಜ್ವರ ಮುಗಿಸಿ ಎದ್ದಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆಹುಳು ನಾಲ್ಕು ಸಲ ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚಿ ಏಳುತ್ತದೆ. ಅದನ್ನು ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಎಲ್ಲ ಹುಳುವೂ ಎದ್ದ ಮೇಲೆಯೇ ಸೊಪ್ಪು ಹಾಕಬೇಕು. ಕೆಳಗಿನ ಅಂತಸ್ತಿನ ಆ ತಟ್ಟೆಯನ್ನು ತೋರಿಸಿ ಅವ್ವ ಹೇಳಿದ್ದಿಷ್ಟೇ.

"ಇದು ನಿಂದು. ಸೊಪ್ಪು ಹೆಚ್ಚೋದೂ ನೀನೇ, ಕಸ ತೆಗೆಯೋದೂ ನೀನೇ. ತಿಳೀದೆ ಇದ್ರೆ ಕೇಳು. ಕೇಳ್ದೇ ಇದ್ರೆ ನಾನ್ ಕೈ ಹಾಕಲ್ಲ."

ನನಗೂ ಒಂದು ತಟ್ಟೆ ಕೊಡು ಎಂದು ನಾನು ಕೇಳಿದೆ. 'ಎಲ್ಲಾ ತಟ್ಟೇನೂ ನಿಂದೇ ಅಲ್ವೇನೇ' ಎಂದು ಅವ್ವ ನಕ್ಕಳು. ಅದು ನಿಜವೇ. ಆ ಮನೆಯಲ್ಲಿ ನಾನು ಕೈಹಾಕದ ಕೆಲಸವಿರಲಿಲ್ಲ, ಬಾಯಿಹಾಕದ ಮಾತಿರಲಿಲ್ಲ. ಆದರೂ ಆ ಒಂದು ತಟ್ಟೆ ನನ್ನದಲ್ಲವಲ್ಲ ಎಂಬುದು ಕಣ್ಣಿನ ಕಸದಂತೆ ಒತ್ತುತ್ತಿತ್ತು.

ಮಂಜಿ ಶಾಲೆಯಿಂದ ಬಂದವಳೇ ಚೀಲ ಎಸೆದು ಕಾಲು ತೊಳೆದು ಒಳಗೆ ಹೋದರೆ ಹೊರಗೆ ಬರುತ್ತಿರಲಿಲ್ಲ. ಹುಳುಗಳು ಬೆಳೆದಂತೆ ಅವನ್ನು ಬಿಡಿಸಿ ಹರಡಬೇಕಾಗಿ ಒಂದು ತಟ್ಟೆ ಎರಡಾಯಿತು, ಎರಡು ನಾಲ್ಕಾಯಿತು. ಒಂದು ಸಂಜೆ ಬಾಗಿಲ ಸಂದಿಯಿಂದ ನೋಡುತ್ತೇನೆ, ಅವಳು ಹುಳುಗಳ ಜೊತೆ ಮಾತನಾಡುತ್ತಿದ್ದಾಳೆ. ಶಾಲೆಯಲ್ಲಿ ಯಾರು ಯಾರನ್ನು ಹೊಡೆದರು, ಮೇಷ್ಟ್ರು ಏನು ಬರೆಸಿದರು, ಅಕ್ಕ ಯಾಕೆ ಸಿಡುಕುತ್ತಾಳೆ, ಎಲ್ಲವನ್ನೂ ತಡೆಯಿಲ್ಲದೆ ಹೇಳುತ್ತಿದ್ದಳು. ನನ್ನ ತಂಗಿ ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮೂರನೇ ಜ್ವರದ ಹೊತ್ತಿನಲ್ಲಿ ಇನ್ನೊಂದು ನಡೆಯಿತು. ಬೆಳಗ್ಗೆ ಅಪ್ಪ ಸೊಪ್ಪಿನ ಬುಟ್ಟಿ ತಂದು, ಹುಳು ಎದ್ದಿವೆ ಎಂದುಕೊಂಡು ಹಾಕಲು ಹೊರಟ. ಮಂಜಿ ಅಡ್ಡ ಬಂದು ನಿಂತಳು.

"ಅಪ್ಪ, ಇನ್ನೂ ಎದ್ದಿಲ್ಲ."

"ಎದ್ದವೆ ಕಣೇ. ಸರ್ಕೋ."

"ಮೇಲ್ಗಡೆವು ಎದ್ದವೆ. ಈ ಅಂಚಿನವು ಎದ್ದಿಲ್ಲ. ಬಾಯಿ ನೋಡಪ್ಪ, ಇನ್ನೂ ಕರ್ರಗೈತೆ."

ಅಪ್ಪ ಬುಟ್ಟಿ ಇಳಿಸಿ, ಬಗ್ಗಿ ನೋಡಿದ. ಅವಳು ಹೇಳಿದ್ದು ಸರಿಯಿತ್ತು. ಅವಸರಪಟ್ಟು ಮೇವು ಹಾಕಿದ್ದರೆ ಅರ್ಧ ಹುಳು ಹಿಂದೆ ಬೀಳುತ್ತಿದ್ದವು. ಅಂದು ಸಂಜೆ ಜಗಲಿಯ ಮೇಲೆ ಕೂತಿದ್ದ ನಾಲ್ಕು ಜನರ ಮುಂದೆ ಅಪ್ಪ ಅವಳನ್ನು ಹತ್ತಿರ ಕರೆದು ಹೆಗಲ ಮೇಲೆ ಕೈಯಿಟ್ಟು ಹೇಳಿದ.

"ನಮ್ ಮಂಜಿ ಕೈಗುಣ ಚೆನ್ನಾಗೈತೆ ಕಣ್ರಪ್ಪ. ಈ ಸಲ ಗೂಡು ಬಿಗಿಯಾದ್ರೆ ಅವಳಿಂದ್ಲೇ."

ಕೈಗುಣ ಎಂಬುದು ನಮ್ಮ ಕಡೆ ದೊಡ್ಡ ಮಾತು. ನಾಟಿ ಔಷಧ ಕೊಡುವವರಿಗೆ, ಹೆರಿಗೆ ಮಾಡಿಸುವ ಮುದುಕಿಯರಿಗೆ ಹೇಳುವ ಮಾತು. ಅಪ್ಪ ನನ್ನ ಬಾಯಿಯನ್ನು ಹೊಗಳಿದ್ದ, ಓದನ್ನು ಹೊಗಳಿದ್ದ, ಕೈಯನ್ನು ಹೊಗಳಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ನಿಂತು ನಾನು ನಗುವಂತೆ ಮುಖ ಮಾಡಿಕೊಂಡಿದ್ದೆ. ಪದ್ದಿ, ನೀನು ಹೇಳಿಕೊಟ್ಟೆಯಾ ಎಂದು ಯಾರಾದರೂ ಕೇಳುತ್ತಾರೆಂದು ಕಾದೆ. ಯಾರೂ ಕೇಳಲಿಲ್ಲ.

ನಾಲ್ಕನೇ ಜ್ವರ ಎದ್ದ ಎರಡು ದಿನಕ್ಕೆ ಮಳೆ ಹಿಡಿಯಿತು. ಮಳೆಯಲ್ಲಿ ಕೊಯ್ದ ಸೊಪ್ಪನ್ನು ಪಡಸಾಲೆಯಲ್ಲಿ ಗೋಣಿತಾಟಿನ ಮೇಲೆ ಹರಡಿ, ತಿರುವಿ ತಿರುವಿ ಆರಿಸಿ, ಒಂದು ಹನಿಯೂ ಉಳಿಯದಂತೆ ನೋಡಿಕೊಂಡು ಹಾಕಬೇಕು. ಒದ್ದೆ ಸೊಪ್ಪು ತಿಂದ ಹುಳು ಜೋತುಬಿದ್ದು ಸಾಯುತ್ತದೆ, ಪಕ್ಕದ ತಟ್ಟೆಗೂ ಹರಡುತ್ತದೆ. ಇದು ನಮ್ಮೂರಿನ ಕೂಸಿಗೂ ಗೊತ್ತಿದ್ದ ಸಂಗತಿ. ಆ ಮಧ್ಯಾಹ್ನ ಅಪ್ಪ ತೋಟದಲ್ಲಿದ್ದ. ಮಂಜಿ ಆರಿದ ಸೊಪ್ಪನ್ನು ಹೆಕ್ಕಿ ತನ್ನ ಎರಡು ತಟ್ಟೆಗಳಿಗೆ ಹಾಕಿದ್ದಳು, ಇನ್ನೆರಡಕ್ಕೆ ಹಾಕಬೇಕಿತ್ತು. ಅಷ್ಟರಲ್ಲಿ ಅವ್ವ ಹಿತ್ತಲಿಂದ ಕೂಗಿ, ಹೊಲದ ಬದುವಿನಲ್ಲಿ ಕಟ್ಟಿದ್ದ ಕರುವನ್ನು ಹಿಡಿದುಕೊಂಡು ಬರಲು ಅವಳನ್ನು ಕರೆದಳು. ಮಳೆಗೆ ಗೋಣಿಚೀಲವನ್ನು ತಲೆಯ ಮೇಲೆ ಕೊಪ್ಪೆ ಮಾಡಿಕೊಂಡು ಹೊರಟವಳು ಹೊಸ್ತಿಲಲ್ಲಿ ನಿಂತು ನನ್ನ ಕಡೆ ತಿರುಗಿದಳು.

"ಅಕ್ಕ, ಮಿಕ್ಕಿದ್ ಸೊಪ್ಪು ಇನ್ನೂ ಆರ್ಬೇಕು. ನೀನ್ ಮುಟ್ಬೇಡ."

ನೀನು ಮುಟ್ಟಬೇಡ. ಒಂಬತ್ತು ವರ್ಷದ ಹುಡುಗಿ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ತನ್ನ ಕೆಲಸ ತನಗೆ ಗೊತ್ತಿದ್ದ ನಿಶ್ಚಿಂತೆಯಲ್ಲಿ ಹೇಳಿದ ಮಾತು. ಅವಳು ನನಗೆ ಹಾಗೆ ಹೇಳಿದ್ದು ಅದೇ ಮೊದಲು. ಅವಳು ಕಣ್ಮರೆಯಾದ ಮೇಲೆ ನಾನು ಎದ್ದು, ಗೋಣಿತಾಟಿನ ಅಡಿಯಿಂದ ನೀರು ಸೋರುತ್ತಿದ್ದ ಸೊಪ್ಪನ್ನು ಬಾಚಿ, ಕಾಲು ತೊಳೆದುಕೊಂಡೇ ಒಳಗೆ ಹೋಗಿ, ಆ ಎರಡು ತಟ್ಟೆಗಳಿಗೆ ಹರಡಿದೆ. ಮೇಲೊಂದು ಪದರ ಒಣಗಿದ ಸೊಪ್ಪು ಮುಚ್ಚಿದೆ. ನನಗಾಗ ಹನ್ನೆರಡು ವರ್ಷ. ಏನು ಮಾಡುತ್ತಿದ್ದೇನೆಂದು ತಿಳಿಯದ ವಯಸ್ಸಲ್ಲ. ಮಂಜಿ ಕರುವನ್ನು ಕಟ್ಟಿ, ತಲೆ ಒರೆಸಿಕೊಂಡು ಬಂದು ನೋಡಿದಳು. ನಾಲ್ಕು ತಟ್ಟೆಯಲ್ಲೂ ಸೊಪ್ಪಿತ್ತು.

"ನಾಲ್ಕಕ್ಕೂ ಹಾಕಿದ್ನಾ ನಾನು?"

"ಹಾಕಿದ್ಯಲ್ಲ. ನಾನೇ ನೋಡಿದೆ."

"ಹೌದಾ?"

 ಕೈಬೆರಳುಗಳನ್ನು ಒಂದೊಂದಾಗಿ ಮುಟ್ಟಿಕೊಂಡಳು. ಆಮೇಲೆ ಹೌದೇನೋ ಎಂಬಂತೆ ತಲೆಯಾಡಿಸಿ ಹೊರಟುಹೋದಳು. ಮಾರನೆಯ ಬೆಳಗ್ಗೆ ಅವಳು ಮುಖ ತೊಳೆಯುತ್ತಿದ್ದಾಗ ನಾನು ಇನ್ನೊಂದು ಸಲ ಒಳಗೆ ಹೋಗಿ, ಆ ತಟ್ಟೆಗಳ ಮೇಲೆ ತಂಬಿಗೆಯಿಂದ ನೀರು ಚಿಮುಕಿಸಿ ಬಂದೆ.

ಮೂರನೆಯ ದಿನ ಹುಳುಗಳು ಮೇವು ಬಿಟ್ಟವು. ಮೈ ಮೆತ್ತಗಾಗಿ, ಮುಟ್ಟಿದರೆ ಒಡೆಯುವಂತೆ ಜೋತುಬಿದ್ದವು. ಸಪ್ಪೆರೋಗ ಎಂದು ಅಪ್ಪ ಒಂದೇ ನೋಟಕ್ಕೆ ಹೇಳಿದ. ಕೋಣೆಯ ತುಂಬ ಹುಳಿ ನಾತ. ಸಂಜೆಯ ಹೊತ್ತಿಗೆ ಮೇಲಿನ ಅಂತಸ್ತಿನ ತಟ್ಟೆಗಳಲ್ಲೂ ಕಾಣಿಸಿಕೊಂಡಿತು. ಹಿತ್ತಲಲ್ಲಿ ಗುಂಡಿ ತೋಡಿ, ತಟ್ಟೆ ತಟ್ಟೆಯೇ ಸುರಿದು, ಸುಣ್ಣ ಹಾಕಿ ಮುಚ್ಚಬೇಕಾಯಿತು. ಇನ್ನೊಂದು ವಾರವಾಗಿದ್ದರೆ ಗೂಡು ಕಟ್ಟುತ್ತಿದ್ದ ಹುಳುಗಳು. ಆ ಎರಡು ಹೊತ್ತಿನ ಒದ್ದೆ ಸೊಪ್ಪಿನಿಂದಲೇ ರೋಗ ಬಂತೋ, ಆ ವಾರದ ಥಂಡಿಗೆ ಹೇಗೂ ಬರುತ್ತಿತ್ತೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ಆ ಅನುಮಾನದ ಮರೆಯಲ್ಲಿ ಎಷ್ಟೋ ವರ್ಷ ಅಡಗಿ ಕೂತಿದ್ದೇನೆ. ಆದರೆ ಅಪ್ಪ ಮಂಜಿಯ ತಟ್ಟೆಯನ್ನು ಎತ್ತಿ ಸುರಿಯುವಾಗ ಅಡಿಯಲ್ಲಿ ಅಂಟಿದ್ದ ಕೊಳೆತ ಎಲೆಗಳನ್ನು ನೋಡಿದ. ಅವನ ಮುಖ ಕೆಂಪಾಯಿತು.

"ಯಾರ್ಲೇ ಒದ್ದೆ ಸೊಪ್ಪು ಹಾಕಿದ್ದು? ಮಂಜಿ, ನೀನಾ?"

ಮಂಜಿ ಅಪ್ಪನ ಮುಖ ನೋಡಿದಳು. ನೆಲ ನೋಡಿದಳು. ಲಂಗದ ಅಂಚು ಬೆರಳಿಗೆ ಸುತ್ತಿಕೊಂಡಳು. ಅಷ್ಟರಲ್ಲಿ ನಾನು ಹೇಳಿಬಿಟ್ಟೆ.

"ಅವಳೇ ಹಾಕಿದ್ದು ಅಪ್ಪ. ನಾನು ನೋಡಿದೆ."

ಗುಂಡಿಯ ಆ ಬದಿಯಲ್ಲಿ ಸುಣ್ಣದ ಪುಟ್ಟಿ ಹಿಡಿದಿದ್ದ ಅವ್ವ ತಲೆಯೆತ್ತಿದಳು.

"ಪದ್ದಿ, ಕೇಳಿದ್ದು ಅವಳನ್ನ. ನೀನ್ ಹೇಳು ಮಂಜಿ."

ಎಲ್ಲರೂ ಕಾದೆವು. ಅಪ್ಪನೂ ಕಾದ. ಅವಳು ಇಲ್ಲ ಎಂದಿದ್ದರೆ ಅವ್ವ ಅವಳ ಪರ ನಿಲ್ಲುತ್ತಿದ್ದಳು, ಅದರಲ್ಲಿ ನನಗೆ ಸಂಶಯವಿಲ್ಲ.  ಮಂಜಿ ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ, ನನ್ನಿಂದ ಖಾತ್ರಿ ಮಾಡಿಕೊಳ್ಳುವಂಥ ನೋಟ ಅದು.

"ನಾನೇ ಹಾಕಿರ್ಬೋದು ಅಪ್ಪ."

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ವಾಸಿಯಿತ್ತು. 'ಇವಳ ಕೈಗೆ ಕೊಟ್ಟೋರ್ನ ಅನ್ಬೇಕು' ಎಂದು ಅವ್ವನ ಕಡೆ ತಿರುಗಿ ಹೇಳಿ ಗುದ್ದಲಿ ಎತ್ತಿಕೊಂಡ. ಜಗಲಿಯಲ್ಲಿ ಕೈಗುಣ ಚೆನ್ನಾಗಿದೆ ಎಂದ ಅದೇ ಅಪ್ಪ, ಅದೇ ನಾಲ್ಕು ಜನರ ಮುಂದೆ, ಅವಳ ಕೈಗುಣ ಸರಿಯಿಲ್ಲ ಎಂದ. ಆ ಮಾತು ಊರಿನ ಬಾಯಿಗೆ ಹೋಯಿತು. ಯಾರದೋ ಮನೆಯಲ್ಲಿ ಉಪ್ಪಿನಕಾಯಿಗೆ ಮಾವು ಹೆಚ್ಚುವಾಗ ಮಂಜಿ ಹತ್ತಿರ ಬಂದರೆ, 'ನೀನ್ ಬೇಡ ಕಣವ್ವ, ಬೂಸ್ಟು ಹಿಡೀತದೆ' ಎಂದರು. ಹೆಂಗಸರು ತಮಾಷೆಗೆ ಅಂದರೋ ನಿಜಕ್ಕೆ ಅಂದರೋ, ಅವಳು ಕೈ ಹಿಂದಕ್ಕೆ ಎಳೆದುಕೊಂಡು ಮನೆಗೆ ಬಂದಳು.

ಆಮೇಲಿನ ಬೆಳೆಗೆ ಅವ್ವ ಮತ್ತೆ ಅವಳಿಗೆ ತಟ್ಟೆ ಕೊಡಲು ಹೋದಳು. ಅಪ್ಪ ಬೇಡ ಎಂದು ರಂಪ ಮಾಡಿದ, ಅವ್ವ ಜಗ್ಗಲಿಲ್ಲ. ಜಗ್ಗಿದವಳು ಮಂಜಿ.

"ನನ್ ಕೈಲಾಗಲ್ಲವ್ವ. ಅಕ್ಕಂಗ್ ಕೊಡು."

ತಟ್ಟೆ ನನಗೆ ಬಂತು. ನಾನು ಚೆನ್ನಾಗಿಯೇ ಸಾಕಿದೆ, ಗೂಡು ಬಿಗಿಯಾಗಿ ಬಂದವು, ಅಪ್ಪ ಹೊಗಳಿದ. ನನಗೆ ಏನು ಬೇಕಿತ್ತೋ ಅದೆಲ್ಲ ಸಿಕ್ಕಿತು. ಮಂಜಿ ಅಂಗಡಿಗೆ ಹೋಗುವುದನ್ನೂ ಬಿಟ್ಟಳು. ಯಾರಾದರೂ ಏನಾದರೂ ಕೇಳಿದರೆ ಈಗ ನೆಲವನ್ನೂ ನೋಡುತ್ತಿರಲಿಲ್ಲ, ನೇರವಾಗಿ ನನ್ನ ಮುಖ ನೋಡುತ್ತಿದ್ದಳು. ಅವ್ವ ಸೋಲಲಿಲ್ಲ. ಮತ್ತೆ ಮೊದಲಿಂದ ಶುರುಮಾಡಿದಳು. ಒಂದು ಸೌಟು ಸಾರು ಬೇಕಾ ಬೇಡವಾ, ಯಾವ ಲಂಗ ಹಾಕಿಕೊಳ್ಳುತ್ತೀ, ಹಿಟ್ಟಿಗೆ ನೀರು ಸಾಕಾ ನೀನೇ ಹೇಳು. ಒಂದೊಂದಕ್ಕೂ ನಿಂತು ಕಾಯುತ್ತಿದ್ದಳು. ವರ್ಷಗಟ್ಟಲೆ ಹೀಗೆ ನಡೆಯಿತು. ಅವ್ವ ಯಾವುದನ್ನು ಮತ್ತೆ ಕಟ್ಟಲು ಒದ್ದಾಡುತ್ತಿದ್ದಾಳೆ, ಅದನ್ನು ಕೆಡವಿದವರು ಯಾರು ಎಂದು ಗೊತ್ತಿದ್ದವಳು ನಾನೊಬ್ಬಳು. ಗೊತ್ತಿದ್ದೂ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ.

ಒಂದು ಭಾನುವಾರ ಅವ್ವ ನನ್ನ ತಲೆಗೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ. ಬಾಚಣಿಗೆ ಇದ್ದಕ್ಕಿದ್ದಂತೆ ನಿಂತಿತು.

"ಪದ್ದಿ, ನಂಗೇನಾದ್ರೂ ಹೇಳೋದೈತಾ?"

ಹುಳುವಿನ ಹೆಸರೆತ್ತಲಿಲ್ಲ, ಮಂಜಿಯ ಹೆಸರೆತ್ತಲಿಲ್ಲ. ಬಾಚಣಿಗೆ ಹಿಡಿದ ಕೈ ನನ್ನ ನೆತ್ತಿಯ ಮೇಲೆ ಹಾಗೇ ಇತ್ತು. ಅವ್ವನಿಗೆ ಗೊತ್ತಿತ್ತೇ? ಅಥವಾ ಬೆಳೆಯುವ ಮಗಳನ್ನು ತಾಯಿ ಸುಮ್ಮನೆ ಕೇಳುವ ಮಾತೇ? ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಪಟಪಟ ಮಾತಾಡುವ ನನಗೆ ಅಂದು ನಾಲಿಗೆ ಏಳಲಿಲ್ಲ. ಕೊನೆಗೆ 'ಏನಿಲ್ಲವ್ವ' ಎಂದೆ. ಬಾಚಣಿಗೆ ಮತ್ತೆ ಓಡಿತು.

ಹೀಗೆ ಬೆಳೆದ ನಾನು ಮೇಡಂ ಆದೆ. ನೆಲಮಂಗಲದ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಪಾಠ ಮಾಡಿದ್ದೇನೆ. ಹಿಂಜರಿಯುವ ಮಕ್ಕಳನ್ನು ಮಾತಿಗೆ ತರುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಪೋಷಕರ ಸಭೆಯಲ್ಲಿ ನಾನು ಹೇಳುವುದೆಲ್ಲ ಅವ್ವನಿಂದ ಕದ್ದದ್ದು. ಮಗು ಉತ್ತರ ಹೇಳುವವರೆಗೆ ಕಾಯಿರಿ, ಅದರ ಬದಲು ನೀವು ಹೇಳಬೇಡಿ, ಒಬ್ಬರನ್ನು ತೋರಿಸಿ ಇನ್ನೊಬ್ಬರನ್ನು ಹಳಿಯಬೇಡಿ, ತಪ್ಪು ಮಾಡಿದ ಮಗುವಿನ ಕೈಯಿಂದಲೇ ಅದನ್ನು ತಿದ್ದಿಸಿ. ತಾಯಂದಿರು ತಲೆದೂಗುತ್ತಾರೆ. ಎಲ್ಲಿಂದ ಕಲಿತಿರಿ ಮೇಡಂ ಎಂದು ಒಬ್ಬಾಕೆ ಕೇಳಿದ್ದಳು. ಅನುಭವ ಎಂದಿದ್ದೆ.

ಮಂಜಿ ತ್ಯಾಮಗೊಂಡ್ಲಿನಲ್ಲಿದ್ದಾಳೆ. ಗಂಡ ತೆಂಗಿನ ತೋಟ ನೋಡಿಕೊಳ್ಳುತ್ತಾನೆ, ಒಳ್ಳೆಯವನು. ಅವಳು ಕಂಪನಿ ಬಸ್ಸಿನಲ್ಲಿ ಸೋಂಪುರದ ಒಂದು ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಅವಳು ಕಟ್ಟಿದ ಒಂದು ಡಬ್ಬವೂ ವಾಪಸ್ ಬಂದದ್ದಿಲ್ಲವಂತೆ. ಆದರೂ ಫ್ರಿಜ್ ಕೊಳ್ಳುವುದರಿಂದ ಹಿಡಿದು ನಾದಿನಿಯ ಮಗುವಿಗೆ ಏನು ಉಡುಗೊರೆ ಎಂಬುದರವರೆಗೆ ನನಗೆ ಫೋನ್ ಮಾಡಿ ಕೇಳಬೇಕು. ಎರಡು ವರ್ಷದ ಹಿಂದೆ ಅವಳನ್ನು ಲೈನ್ ಇನ್‌ಚಾರ್ಜ್ ಮಾಡುತ್ತೇವೆ ಎಂದರಂತೆ. ಅವಳು ಒಲ್ಲೆ ಎಂದಳು. ಧೈರ್ಯ ಬೇಕು ಮಂಜಿ, ಆತ್ಮವಿಶ್ವಾಸ ಬೆಳೆಸಿಕೋ ಎಂದು ನಾನು ಫೋನಿನಲ್ಲಿ ಪೋಷಕರ ಸಭೆಯ ಭಾಷಣವನ್ನೇ ಮಾಡಿದೆ.

"ಇಲ್ಲಕ್ಕ, ನನ್ ಕೈ ನಂಗೊತ್ತು. ಜವಾಬ್ದಾರಿ ಕೊಟ್ರೆ ಏನಾರ ಒಂದು ಎಡವಟ್ಟಾಗ್ತದೆ."

ಕಳೆದ ಅವರೆಕಾಯಿ ಕಾಲದಲ್ಲಿ ಅವಳ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತು ಇಬ್ಬರೂ ಕಾಯಿ ಸುಲಿಯುತ್ತಿದ್ದೆವು. ಪಿಯುಸಿ ಓದುತ್ತಿದ್ದ ಅವಳ ಮಗಳು ಚೈತ್ರ ಎದುರಿಗೇ ಕೂತು ಮೊಬೈಲಿನಲ್ಲಿ ಸಿಇಟಿ ಅರ್ಜಿ ತುಂಬುತ್ತಿದ್ದಳು. ಮಂಜಿ ಐದು ನಿಮಿಷಕ್ಕೊಮ್ಮೆ, ಸರಿಯಾಗಿ ನೋಡಿ ತುಂಬು, ದೊಡ್ಡಮ್ಮನಿಗೆ ತೋರಿಸು ಎನ್ನುತ್ತಿದ್ದಳು. ಹುಡುಗಿಗೆ ರೇಗಿತು. ಆಗ ಮಂಜಿ ಅವಳಿಗೆ ಆ ಕಥೆ ಹೇಳಿದಳು.

"ನಾನ್ ಚಿಕ್ಕೋಳಿದ್ದಾಗ ಹಿಂಗೇ ಅವಸರ ಮಾಡಿ, ಒದ್ದೆ ಸೊಪ್ಪು ಹಾಕಿ, ಮನೆ ಹುಳಾನೆಲ್ಲಾ ಸಾಯಿಸ್ಬಿಟ್ಟೆ. ಇವತ್ತಿಗೂ ಆ ತಣ್ಣಗಿನ ಸೊಪ್ಪು ಕೈಗ್ ಅಂಟಿದಂಗೇ ಐತೆ ನಂಗೆ. ಅಕ್ಕಂಗ್ ಗೊತ್ತು, ಕೇಳು ಬೇಕಾದ್ರೆ."

ತಣ್ಣಗಿನ ಸೊಪ್ಪು ಕೈಗೆ ಅಂಟಿದ ಹಾಗಿದೆ ಎಂದಳು. ಅವಳು ಮುಟ್ಟಿಯೇ ಇರದಿದ್ದ ಸೊಪ್ಪು. ನನ್ನ ಮಡಿಲಲ್ಲಿದ್ದ ಅವರೆಕಾಯಿ ಜಾರಿ ಬಿತ್ತು. ಚೈತ್ರ ನನ್ನ ಮುಖ ನೋಡುತ್ತಿದ್ದಳು. ನಾನು ಹೇಳಿದೆ. ಮೊದಲ ದಿನದ್ದು, ಮಾರನೆಯ ಬೆಳಗಿನ ತಂಬಿಗೆಯದ್ದು, ಗುಂಡಿಯ ಬಳಿ ಹೇಳಿದ್ದು, ಎಲ್ಲವನ್ನೂ ಹೇಳಿದೆ.  ಮಂಜಿ ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ ನಕ್ಕಳು.

"ಸುಮ್ಕ್ ಕೂತ್ಕೊ ಅಕ್ಕ. ನಂಗೆ ಚೆನ್ನಾಗ್ ನೆನಪೈತೆ, ನಾನೇ ಹಾಕಿದ್ದು. ಮಗಳ ಮುಂದೆ ನನ್ ಮರ್ಯಾದೆ ಉಳ್ಸಕ್ಕೆ ನೀನ್ಯಾಕೆ ಕೆಟ್ಟೋಳಾಗ್ತೀಯ?"

ನಾನು ಆಣೆ ಮಾಡಿದೆ. ಅವಳು ಸಾಕು ಬಿಡು ಎಂದು ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಫ್ರಿಜ್ಜಿನಿಂದ ಹಿಡಿದು ಎಲ್ಲದರಲ್ಲೂ ನನ್ನ ಮಾತನ್ನು ನಂಬಿದವಳು ಈ ಒಂದು ಮಾತನ್ನು ನಂಬಲಿಲ್ಲ. ನನ್ನ ಸುಳ್ಳು ಅವಳಲ್ಲಿ ಅಷ್ಟು ಆಳಕ್ಕೆ ಇಳಿದಿತ್ತು.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳ ಫೋನ್ ಬಂತು. ಹಿಂದೆ ಮಷೀನುಗಳ ಸದ್ದು. ಹೇಗಿದ್ದೀ ಎಂದೂ ಕೇಳಲಿಲ್ಲ.

"ಅಕ್ಕ, ನಾನು ಎರಡೇ ತಟ್ಟೆಗ್ ಹಾಕಿದ್ದು ಅಲ್ವಾ?"

"ಹೌದು ಮಂಜಿ."

"ವಾರದಿಂದ ಯೋಚ್ನೆ ಮಾಡ್ತಿದೀನಿ. ಎರಡಕ್ ಹಾಕಿದ್ದೆ, ಅವ್ವ ಕರ್ದ್ಳು. ಕರು ಹಗ್ಗ ಸುತ್ಕೊಂಡಿತ್ತು. ಅದೆಲ್ಲಾ ಈಗ್ ಬರ್ತೈತೆ." ಅವಳ ಉಸಿರು ಕೇಳಿಸುತ್ತಿತ್ತು. "ಅವ್ವ ಹೋಗೋ ಮುಂಚೆ ಆಸ್ಪತ್ರೇಲಿ ನಾನ್ ಅವಳ ಕಾಲ್ ಹಿಡ್ದು ತಪ್ಪಾಯ್ತವ್ವ, ಅವತ್ತು ಬೆಳೆ ಕೆಡ್ಸಿದ್ದು ಅಂದೆ. ನೀನ್ ಅಲ್ಲೇ ಕೂತಿದ್ದೆ ಅಕ್ಕ."

ನಾನು ಅಲ್ಲೇ ಕೂತಿದ್ದೆ. ಈ ಬರಹದಲ್ಲಿ ಆ ಆಸ್ಪತ್ರೆಯ ಕೋಣೆಯನ್ನು ಬರೆಯದೆ ದಾಟಿಬಿಡಬೇಕೆಂದಿದ್ದೆ. ಮಂಚದ ಆ ಬದಿಯಲ್ಲಿ ಮಂಜಿ ಅಳುತ್ತಿದ್ದಳು, ಈ ಬದಿಯಲ್ಲಿ ನಾನು ಮೂಸಂಬಿ ಬಿಡಿಸುತ್ತಿದ್ದೆ, ಅವ್ವ ಮಂಜಿಯ ಕೈಯನ್ನು ಹಿಡಿದುಕೊಂಡು ನನ್ನ ಕಡೆ ನೋಡುತ್ತಿದ್ದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

"ತಪ್ಪಾಯ್ತು ಮಂಜಿ" ಎಂದೆ. 

"ಆಯ್ತು. ನಾನಾಗೇ ಮಾಡೋವರ್ಗೂ ನೀನ್ ಫೋನ್ ಮಾಡ್ಬೇಡ."

ಅವಳು ಆ ಮಾತು ಹೇಳಲು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. ಫೋನ್ ಇಟ್ಟಳು.

ಐದು ತಿಂಗಳಾಯಿತು, ಅವಳು ಮಾಡಿಲ್ಲ. ಮೊನ್ನೆ ನೆಲಮಂಗಲದಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಅವಳ ನಾದಿನಿ ಮಾತಿಗೆ ಮಾತು ಬಂದು ಹೇಳಿದಳು. ಚೈತ್ರಳನ್ನು ನರ್ಸಿಂಗ್ ಓದಿಸಲು ದೂರದ ಊರಿಗೆ ಕಳಿಸುತ್ತಿದ್ದಾರಂತೆ. ಗಂಡ ಬೇಡವೆಂದನಂತೆ, ಮಂಜಿಯೇ ಪಟ್ಟು ಹಿಡಿದು, ತಾನೇ ಮಗಳ ಜೊತೆ ಹೋಗಿ ಕಾಲೇಜು, ಹಾಸ್ಟೆಲ್ ಎಲ್ಲ ನೋಡಿ ಸೇರಿಸಿ ಬಂದಳಂತೆ. ನಿಮಗೆ ಗೊತ್ತಿರಬೇಕಲ್ಲ ಮೇಡಂ, ನಿಮ್ಮನ್ನು ಕೇಳದೆ ಅವರು ಏನೂ ಮಾಡುವುದಿಲ್ಲವಲ್ಲ ಎಂದಳು. ನನ್ನನ್ನು ಕೇಳಿದ್ದರೆ ಅಷ್ಟು ದೂರ ಬೇಡ ಎನ್ನುತ್ತಿದ್ದೆ. ಆ ಸುದ್ದಿಗೆ ನನ್ನಷ್ಟು ಹಿಗ್ಗಬೇಕಾದವರು ಇನ್ನೊಬ್ಬರಿರಲಿಲ್ಲ. ಆದರೆ ಮೊದಲು ಬಂದದ್ದು ಹಿಗ್ಗಲ್ಲ. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬ ಸಿಟ್ಟು. ಅದು ಬಂದದ್ದು ನನಗೇ ತಿಳಿಯಿತು. 'ಹೂಂ, ಗೊತ್ತು, ನಾನೇ ಹೇಳಿದ್ದೆ' ಎಂಬ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, 'ಇಲ್ಲ, ನಂಗ್ ಗೊತ್ತಿರ್ಲಿಲ್ಲ' ಎಂದು ಹೇಳಿ, ಬಡಿಸಿದ್ದು ಬಡಿಸಿದ ಹಾಗೇ ಇರುವಾಗ ಎಲೆ ಮಡಿಚಿ ಎದ್ದುಬಿಟ್ಟೆ.